ಕಿಸೆ ಚಾಕುವಿನ ಬುಡ

ಕಲಬುರಗಿಯ ಆಡುಮಾತಿನಲ್ಲಿ ‘ಕತ್ತಿ’ ಅಂದರೆ ಮೊದಲು ನೆನಪಾಗುವುದು ಪ್ರಾಣಿ. ಮನೆ ಮನಿಯಾಗುವ, ಎಲೆ ಎಲಿಯಾಗುವ ಈ ಸೀಮೆಯಲ್ಲಿ ಕತ್ತೆ ಕತ್ತಿಯಾಗಿದೆ. ತಮಿಳು, ತೆಲುಗು, ಮಲಯಾಳಗಳಲ್ಲೂ ಅಲಗಿನ ಹೆಸರಾಗಿ ಬಾಳಿರುವ ಹಳೆಯ ದ್ರಾವಿಡ ಪದಕ್ಕೆ ಇಲ್ಲಿ ಜಾಗ ಇಕ್ಕಟ್ಟಾಯಿತು. ಸಣ್ಣ ಅಲಗಿಗೆ ‘ಚಾಕು’ ಇಷ್ಟು ಗಟ್ಟಿಯಾಗಿ ನಿಲ್ಲಲು ಇದೂ ಒಂದು ಕಾರಣವಿರಬೇಕೆಂದು ನನ್ನ ಊಹೆ. ಕಮಲಾಪುರದ ತೋಟದಲ್ಲಿ ಕೆಂಪು ಬಾಳೆಯ ಗೊನೆ ಕಡಿಯುವುದು ಕುಡಗೋಲಿನ ಕೆಲಸ. ಚಾಕು ಇರುವುದು ಕಿಸೆಯಲ್ಲಿ.

ಆ ‘ಕಿಸೆ’ಯೂ ಪಾರಸಿಯದೇ. ಅಲ್ಲಿ ‘ಕೀಸಾ’ ಅಂದರೆ ಚೀಲ. ಚಾಕು ಪಾರಸಿಯಿಂದ ಬಂದರೂ ಅದರ ಬೇರು ತುರ್ಕಿ ಭಾಷೆಗಳಲ್ಲಿದೆ. ಇಂದಿಗೂ ತುರ್ಕಿಯಲ್ಲಿ ‘ಚಾಕಿ’ ಅಂದರೆ ಮಡಚಿ ಕಿಸೆಗೆ ಹಾಕಿಕೊಳ್ಳುವ ಚಾಕುವೇ. 1347ರಲ್ಲಿ ಬಹಮನಿಗಳು ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡಾಗ ಪಾರಸಿ ದರಬಾರಿನ ಭಾಷೆಯಾಯಿತು. ಮುಂದೆ 1948ರವರೆಗೆ ಈ ನೆಲವನ್ನಾಳಿದ ನಿಜಾಮರ ಕಚೇರಿಗಳಲ್ಲಿ ಮೊದಲು ಪಾರಸಿ, ಆಮೇಲೆ ಉರ್ದು ನಡೆಯಿತು. ಬರೆಯುವ ಲಾಳದ ಕಡ್ಡಿಯ ಮೊನೆ ಸವೆದಂತೆಲ್ಲ ಕೆತ್ತಿಕೊಳ್ಳಬೇಕಿತ್ತು. ಅದಕ್ಕೆಂದೇ ಇದ್ದ ಪುಟ್ಟ ಚಾಕುವಿಗೆ ಪಾರಸಿಯಲ್ಲಿ ‘ಕಲಂತರಾಶ್’ ಎಂದು ಹೆಸರು, ಲೇಖನಿ ಕೆತ್ತುವಂಥದ್ದು. ಇಂಗ್ಲಿಷರ ‘ಪೆನ್‌ನೈಫ್’ ಹುಟ್ಟಿದ್ದೂ ಗರಿಯ ಲೇಖನಿಯನ್ನು ಚೂಪು ಮಾಡುವ ಕೆಲಸದಿಂದಲೇ.

ಹಳೆಯ ಮನೆಯ ಟ್ರಂಕಿನಲ್ಲಿ ಅಂಥದೊಂದು ಸಿಕ್ಕರೆ ಉಜ್ಜಿ ಹೊಳಪಿಸಲು ಹೋಗಬೇಡಿ. ತುಕ್ಕಿನ ಜೊತೆ ಅದರ ಗುರುತೂ ಅಳಿಸಿಹೋಗುತ್ತದೆ. ಅಲಗು ಹಿಡಿಯನ್ನು ಸೇರುವ ಬುಡದಲ್ಲಿ, ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ನಕ್ಷತ್ರ ಮತ್ತು ಮಾಲ್ಟಾ ಶಿಲುಬೆ ಕಂಡರೆ ಅದು ಇಂಗ್ಲೆಂಡಿನ ಶೆಫೀಲ್ಡಿನ ಜೋಸೆಫ್ ರಾಜರ್ಸ್ ಕಂಪನಿಯ ಗುರುತು. ಕಿರೀಟದ ಆಚೀಚೆ ‘ವಿ’, ‘ಆರ್’ ಅಕ್ಷರಗಳಿದ್ದರೆ ವಿಕ್ಟೋರಿಯಾ ರಾಣಿಯ ಕಾಲ, ಅಂದರೆ 1837ರಿಂದ 1901ರ ನಡುವಿನದು ಎನ್ನಬಹುದು. ‘ಜಿ’, ‘ಆರ್’ ಇದ್ದರೆ ಅಷ್ಟು ಸುಲಭವಿಲ್ಲ. ಜಾರ್ಜ್ ಹೆಸರಿನ ರಾಜರು ಹಲವರು. ಊರಿನ ಹೆಸರನ್ನೂ ಓದಬೇಕು. ಶೆಫೀಲ್ಡಿನ ಗುರುತನ್ನು ಪರದೇಶದ ಮಾಲಿನ ಮೇಲೆ ಒತ್ತಿ ಮಾರುವುದು ಹೆಚ್ಚಿದ್ದರಿಂದ ಬ್ರಿಟನ್ 1887ರಲ್ಲಿ ಸರಕು ಗುರುತಿನ ಕಾಯ್ದೆ ತಂದಿತು. ಭಾರತಕ್ಕೂ 1889ರಲ್ಲಿ ಅಂಥದ್ದು ಬಂತು. ‘ಸ್ಟೇನ್‌ಲೆಸ್’ ಎಂದು ಒತ್ತಿದ್ದರೆ ಚಾಕು 1913ಕ್ಕಿಂತ ಹಿಂದಿನದಲ್ಲ. ಹ್ಯಾರಿ ಬ್ರಿಯರ್ಲಿ ಶೆಫೀಲ್ಡಿನಲ್ಲಿ ಆ ಉಕ್ಕನ್ನು ಕರಗಿಸಿದ್ದು ಆ ವರ್ಷ. ಅಲಗು ಸವೆದು ಸಣ್ಣಗಾಗಿದೆಯೆಂದು ಬಹಳ ಹಳೆಯದೆಂದು ನಂಬಬಾರದು. ದಿನಾ ಸಾಣೆ ಕಂಡ ಚಾಕು ಹತ್ತು ವರ್ಷಕ್ಕೂ ಹಾಗಾಗುತ್ತದೆ.

ಪದದ ಬುಡದಲ್ಲೂ ಒತ್ತು ಗುರುತು ಉಂಟು. ಪಾರಸಿಯ ‘ಚಾಕೂ’ವಿನ ಕಕಾರ ಗಂಟಲಿನ ಆಳದಿಂದ ಬರುವ ‘ಕಾಫ್’. ಕಲಬುರಗಿಯ ದಖನಿ ಉರ್ದುವಿನಲ್ಲಿ ಆ ಕಾಫ್ ‘ಖ’ ಆಗುತ್ತದೆ. ಕಲಂ ‘ಖಲಂ’ ಆದಂತೆ ಇದು ‘ಚಾಖೂ’. ಕನ್ನಡದ ನಾಲಿಗೆ ಮಹಾಪ್ರಾಣವನ್ನು ಸಡಿಲಿಸಿಬಿಡುವುದರಿಂದ ನಮ್ಮ ‘ಚಾಕು’ ಬಹಮನಿ ದರಬಾರಿನಿಂದ ಇಳಿದದ್ದೋ, ಸಂತೆಯ ದಖನಿಯಿಂದ ಹತ್ತಿದ್ದೋ, ಮರಾಠಿಯಿಂದ ದಾಟಿದ್ದೋ ಎಂದು ಧ್ವನಿಯೊಂದರಿಂದಲೇ ಹೇಳಲಾಗದು. ಮೂರೂ ದಾರಿಗಳು ಇಲ್ಲಿ ತೆರೆದೇ ಇದ್ದವು.

ಚಾಕು ಎಷ್ಟೇ ಹರಡಿದರೂ ಒಂದು ಜಾಗವನ್ನು ಮಾತ್ರ ಅದಕ್ಕೆ ಹಿಡಿಯಲಾಗಲಿಲ್ಲ. ಸಂಸ್ಕೃತದ ‘ಛುರಿಕಾ’ದ ಕಡೆಯ ‘ಚೂರಿ’ ನಮ್ಮಲ್ಲಿ ಬೇರೂರಿತ್ತು. ಅದೇ ಮನೆತನದ ‘ಸುರಗಿ’ ಹಳೆಯ ಕಾವ್ಯಗಳಲ್ಲಿದೆ. ಪೆನ್ಸಿಲ್ಲು, ಹಣ್ಣು, ಹಗ್ಗ ಚಾಕುವಿನ ಪಾಲಿಗೆ ಬಂದವು. ನಂಬಿದವರು ಬೆನ್ನಿಗೆ ಹಾಕುವುದು ಇಂದಿಗೂ ಚೂರಿಯೇ.