ಕೌದಿಗೆ ತಕ್ಕ ದಾರ: ಕೈಸೂಜಿಗೊಂದು, ಯಂತ್ರಕ್ಕೊಂದು

ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ ಸಾಲುಹೊಲಿಗೆಯಿಂದ ಬಂಧಿಸಿದ ಹೊದಿಕೆಯೇ ಕೌದಿ. ಜತ್ತ, ಅಕ್ಕಲಕೋಟೆಗಳ ಮರಾಠಿ ನೆರೆಯವರು ಗೋಧಡಿ, ವಾಕಳ ಎನ್ನುವುದನ್ನು ನಾವು ಇಂದಿಗೂ ಕೌದಿಯೆಂದೇ ಕರೆಯುತ್ತೇವೆ.

ಕೌದಿಯ ಬಟ್ಟೆ ಹಲವು ವರ್ಷ ಉಟ್ಟು ಒಗೆದು ಸವೆದದ್ದು. ಆದಕಾರಣ ಕೈಹೊಲಿಗೆಗೆ ಹತ್ತಿಯ ದಾರವೇ ಮೇಲೆಂದು ನಮ್ಮ ಎಣಿಕೆ. ಎಳೆತ ಬಿದ್ದು ದಾರ ಕಡಿದರೆ ಮತ್ತೆ ಹೊಲಿಯಬಹುದು. ದಾರ ಗಟ್ಟಿಯಾಗಿ ನಿಂತು ಅಜ್ಜಿಯ ಸೀರೆಯೇ ಸೀಳಿದರೆ ತೇಪೆಯೊಂದೇ ಗತಿ. ಹತ್ತಿಯ ನೂಲು ನೆನೆದಾಗ ಇನ್ನಷ್ಟು ಬಲಗೊಳ್ಳುತ್ತದೆ. ರೇಯಾನ್ ಎಷ್ಟೇ ಹೊಳೆದರೂ ನೀರಿನಲ್ಲಿ ಸೊರಗುತ್ತದೆ. ಕಲ್ಲಿನ ಮೇಲೆ ಕುಕ್ಕಿ ಒಗೆಯುವ ಕೌದಿಗೆ ಅದು ಸಲ್ಲದು.

ಅಮೆರಿಕದ ಕ್ವಿಲ್ಟ್ ಹೊಲಿಗೆಯವರು ಬಳಸುವ ಲಾಂಗ್‌ಆರ್ಮ್ ಯಂತ್ರದ ಬೇಡಿಕೆ ಬೇರೆ. ಅಲ್ಲಿ ಬಟ್ಟೆ ಚೌಕಟ್ಟಿಗೆ ಬಿಗಿದು ನಿಂತಿರುತ್ತದೆ; ಹೊಲಿಯುವ ತಲೆಯೇ ಅದರ ಮೇಲೆ ಎಲ್ಲ ದಿಕ್ಕಿಗೂ ಓಡುತ್ತದೆ. ನಿಮಿಷಕ್ಕೆ 1,500ಕ್ಕೂ ಮೀರಿ ಹೊಲಿಗೆ ಹಾಕುವ ಯಂತ್ರಗಳುಂಟು. ದಾರದ ಪ್ರತಿ ತುಣುಕೂ ಬಟ್ಟೆಯಲ್ಲಿ ನೆಲೆಗೊಳ್ಳುವ ಮುನ್ನ ಸೂಜಿಯ ಕಣ್ಣಿನಲ್ಲಿ ಹತ್ತಾರು ಬಾರಿ ಹಿಂದೆಮುಂದೆ ಉಜ್ಜುತ್ತದೆ. ಕಳಪೆ ದಾರ ಅಲ್ಲಿಯೇ ಹುರಿ ಬಿಚ್ಚಿ ಕಡಿಯುತ್ತದೆ. ಹೀಗಾಗಿ 40ರ ಪಾಲಿಯೆಸ್ಟರ್ ದಾರವನ್ನು ಅಲ್ಲಿ ಹಲವರು ನೆಚ್ಚುತ್ತಾರೆ. ಸಾಮಾನ್ಯವಾಗಿ ಅವರ ಬಟ್ಟೆ ಹೊಸದು, ಆ ಬಲವನ್ನು ತಾಳುತ್ತದೆ.

ಈ ಅಂಕಿಯ ಲೆಕ್ಕ ತುಸು ತಲೆಕೆಳಗು. 40 ಎಂದರೆ 40 ಕಿಲೋಮೀಟರ್ ದಾರ 1 ಕಿಲೋ ತೂಗುತ್ತದೆ ಎಂದರ್ಥ. 60ರದು ತೆಳು, 30ರದು ದಪ್ಪ. ಟೆಕ್ಸ್ ಮಾನವೋ 1,000 ಮೀಟರಿನ ತೂಕವನ್ನು ಗ್ರಾಂಗಳಲ್ಲಿ ಹೇಳುತ್ತದೆ, ಅಲ್ಲಿ ಅಂಕಿ ಏರಿದಷ್ಟೂ ದಾರ ದಪ್ಪ. ಮಕ್ಕಳು ಭಾಗಿಸಿ ನೋಡಲಿ: 40ರ ದಾರಕ್ಕೆ 25 ಬರುತ್ತದೆ. ರೀಲಿನ ಮೇಲಣ ಚೀಟಿ ಈ ಲೆಕ್ಕಕ್ಕೆ ಸದಾ ಕೂಡಿಬರಬೇಕೆಂದಿಲ್ಲ.

ಕೌದಿಯನ್ನು ಮನೆಯ ಹೊಲಿಗೆ ಯಂತ್ರದಲ್ಲಿ ಹೊಲಿಯುವವರು ತೆಳು ದಾರ ಆರಿಸಿ, ಬಿಗಿಯನ್ನು ಸಡಿಲಿಸಿ, ಹೊಲಿಗೆಯನ್ನು ಉದ್ದ ಇಟ್ಟುಕೊಳ್ಳುವುದು ಕ್ಷೇಮ. ಒತ್ತೊತ್ತಾದ ಹೊಲಿಗೆ ಸವೆದ ಬಟ್ಟೆಯನ್ನು ಅಂಚೆಚೀಟಿಯ ಅಂಚಿನಂತೆ ತೂತು ಮಾಡಿಬಿಡುತ್ತದೆ. ಕೈಹೊಲಿಗೆಗೆಂದೇ ಮೆರುಗು ಲೇಪಿಸಿದ ದಾರವನ್ನು ಯಂತ್ರಕ್ಕೆ ಹಾಕಲೇಬಾರದು. ಲೇಪ ಉದುರಿ, ದಾರವನ್ನು ಬಿಗಿಹಿಡಿಯುವ ಬಿಲ್ಲೆಗಳ ನಡುವೆ ಮೆತ್ತಿಕೊಳ್ಳುತ್ತದೆ. ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಉಳಿದ ರೀಲನ್ನು ಬಳಸುವ ಮುನ್ನ ಒಂದು ಗೇಣು ದಾರವನ್ನು ಎರಡೂ ಕೈಗಳಿಂದ ಜಗ್ಗಿ ನೋಡಬೇಕು. ಸುಲಭವಾಗಿ ಕಡಿದರೆ ಅದು ಹೂಮಾಲೆ ಕಟ್ಟಲಿಕ್ಕಾದೀತು, ಕೌದಿಗಲ್ಲ.