ಸಾವಕಾರನ ಕಾಗದ, ಸರಕಾರದ ರಾಜಿ

ತಗಾದೆ ಅನ್ನುವ ಮಾತು ನಮ್ಮ ಬಾಯಲ್ಲಿ ದಿನಾ ಬರತದ. ಹೊಲದ ಬದುವಿಗೆ ತಗಾದೆ, ಹಳ್ಳದ ನೀರಿಗೆ ತಗಾದೆ. ಪೇಶವೆಯರ ಕಾಲದಲ್ಲಿ ಬಾಕಿ ವಸೂಲಿ ಮಾಡುವ ಒಂದು ರೀತಿಗೇ ಆ ಹೆಸರಿತ್ತು. ಸಾಲ ಕೊಟ್ಟವನು ಸಾಲಗಾರನ ಬಾಗಿಲಿಗೆ ಬಂದು ಕೂಡುತ್ತಿದ್ದ, ಇಲ್ಲಾ ತನ್ನ ಆಳನ್ನು ಕೂಡಿಸುತ್ತಿದ್ದ. ಮನೆಯವನು ಉಣ್ಣುವ ಹಂಗಿಲ್ಲ. ಕೂತವನೂ ಉಪವಾಸ ಇರಬೇಕು. ಯಾರು ಮೊದಲು ಸೋಲತಾರ ಅನ್ನುವುದೇ ತೀರ್ಪು. 1818ರಲ್ಲಿ ಪೇಶವಾಯಿ ಮುಳುಗಿ ಈ ಸೀಮೆ ಇಂಗ್ರಜರ ಕೈಗೆ ಹೋದಾಗ ಎಲ್ಫಿನ್‌ಸ್ಟನ್ ಸಾಹೇಬ ಇಲ್ಲಿಯ ಕಾರಭಾರಿ ಆಗಿ ಬಂದ. ಅವನು ಮರುವರ್ಷ ಬರೆದ ವರದಿಯಲ್ಲಿ ಈ ತಗಾದೆಯ ರೀತಿಯನ್ನು ವಿವರಿಸಿದ್ದಾನೆ.

ತಗಾದೆ ಬಿಟ್ಟರೆ ಇದ್ದದ್ದು ಪಂಚಾಯಿತಿ. ಪಂಚರು ಕೂಡುವುದಕ್ಕ ಮೊದಲೇ ಎರಡೂ ಕಡೆಯವರು "ನೀವು ಹೇಳಿದ್ದನ್ನು ಒಪ್ಪತೇವೆ" ಅಂತ ಒಂದು ಕಾಗದ ಬರೆದು ಕೊಡಬೇಕಿತ್ತು. ಅದಕ್ಕ ರಾಜಿನಾಮಾ ಅಂತಿದ್ದರು. ಈಗ ನೌಕರಿ ಬಿಡುವಾಗ ಕೊಡುವ ಕಾಗದಕ್ಕ ಅದೇ ಹೆಸರು ಬಂದದ, ಮಾತು ಎಲ್ಲಿಂದ ಎಲ್ಲಿಗೋ ಹೋಗತದ ನೋಡ್ರಿ. ಗೆದ್ದವನು ಸರಕಾರಕ್ಕ ಹರಕಿ ಕೊಡಬೇಕು, ಸೋತವನು ಗುನ್ಹೇಗಾರಿ ಕೊಡಬೇಕು. ಎರಡೂ ಕಡೆಯಿಂದ ಸರಕಾರಕ್ಕ ಹಣ. ಎಲ್ಫಿನ್‌ಸ್ಟನ್ ಪಂಚಾಯಿತಿಯನ್ನು ಒಮ್ಮೆಲೇ ಕೀಳಲಿಲ್ಲ, ನಡೆಯುವಷ್ಟು ನಡೆಯಲಿ ಅಂದ. ಆದರ 1827ರ ಕಾಯದೆ ಬಂದ ಮೇಲೆ ಕೋರ್ಟುಗಳು ಬೇರೂರಿದವು. ಪಂಚರ ಕಟ್ಟೆ ಖಾಲಿ ಆಗತಾ ಬಂತು.

ಕೋರ್ಟು ಬಂದದ್ದು ಒಳ್ಳೆಯದಲ್ಲವೇ ಅಂತ ಗುರುಗಳು ಕೇಳಬಹುದು. ಬಾಗಿಲ ಮುಂದೆ ಉಪವಾಸ ಕೂಡುವ ಕಾಟ ತಪ್ಪಿತು, ಖರೆ. ಅದರ ಬದಲಿಗೆ ಡಿಕ್ರಿ ಬಂತು. ಡಿಕ್ರಿಗೆ ಹಸಿವಿಲ್ಲ, ನಾಚಿಕೆಯೂ ಇಲ್ಲ. 1859ರಲ್ಲಿ ಸಾಲದ ಕಾಗದ ಮೂರೇ ವರ್ಷ ನಡೆಯತದ ಅಂತ ಒಂದು ಕಾಯದೆ ಮಾಡಿದರು. ಬಡ್ಡಿ ಬೆಳೆಯಬಾರದು ಅಂತ ಮಾಡಿದ್ದು, ತಿರುವುಮುರುವು ಆತು. ಮೂರು ವರ್ಷಕ್ಕೊಮ್ಮೆ ಸಾವಕಾರ ಬಡ್ಡಿಯನ್ನು ಅಸಲಿಗೆ ಕೂಡಿಸಿ ಹೊಸ ಕಾಗದ ಬರೆಸತೊಡಗಿದ. ಲೆಕ್ಕ ಹಾಕಿ ನೋಡ್ರಿ. ನೂರು ರೂಪಾಯಿ ಸಾಲ, ತಿಂಗಳಿಗೆ ನೂರಕ್ಕ 2 ರೂಪಾಯಿ ಬಡ್ಡಿ. ಮೂರು ವರ್ಷಕ್ಕ 172 ಆತು. ಅದರ ಮ್ಯಾಲೆ ಹೊಸ ಕಾಗದ, ಮತ್ತ ಮೂರು ವರ್ಷಕ್ಕ 295 ದಾಟಿತು. ಮೂರನೆಯ ಕಾಗದ ಮುಗಿಯುವಾಗ 508. ಬರೇ ಅಸಲಿಗೆ ಬಡ್ಡಿ ಹಿಡಿದಿದ್ದರ 316ಕ್ಕ ನಿಲ್ಲತಿತ್ತು. ಕೋರ್ಟಿನವರು ನೋಡುತ್ತಿದ್ದದ್ದು ಕೊನೆಯ ಕಾಗದ ಒಂದನ್ನೇ. ಕೆಳಗೆ ಹೆಬ್ಬೆಟ್ಟು ಅದ, ಮ್ಯಾಲೆ ರಕಮು ಅದ, ಡಿಕ್ರಿ ಆತು. ರೈತ ಸಮನ್ಸಿಗೆ ಹೆದರಿ ಹೋಗದೇ ಇದ್ದರ ಏಕತರ್ಫಿ ಡಿಕ್ರಿ.

ನಮ್ಮ ಸೋಲಾಪುರ ಕಡೆ ಇನ್ನೊಂದು ಗಂಟು ಇತ್ತು. ಕಾಗದ ಬರೆಯುತ್ತಿದ್ದದ್ದು ಮೋಡಿ ಲಿಪಿಯ ಮರಾಠಿಯಲ್ಲಿ. ಸಾಲ ತಗೊಂಡವನು ಮನೆಯಲ್ಲಿ ಆಡುವುದು ಕನ್ನಡ. ನಮ್ಮ ಮುತ್ಯಾನ ಪೆಟ್ಟಿಗೆಯಲ್ಲಿ ಅಂಥ ಎರಡು ಕಾಗದ ಇದ್ದವು. ಮನೆಯಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ, ಆದರ ದೀಪಾವಳಿಗೆ ಅವಕ್ಕೂ ಪೂಜೆ.

ಅಮೇರಿಕದಲ್ಲಿ 1861ರಿಂದ 1865ರ ತನಕ ಅಂತರ್ಯುದ್ಧ ನಡೆದಾಗ ನಮ್ಮ ಹತ್ತಿಗೆ ಬೆಲೆ ಬಂದಿತ್ತು, ಸಾವಕಾರರು ಕೇಳಿದಷ್ಟು ಸಾಲ ಕೊಟ್ಟರು. ಯುದ್ಧ ನಿಂತಿತು, ಬೆಲೆ ಬಿತ್ತು. ಅದರ ಮ್ಯಾಲೆ ಸರಕಾರ ಭೂಕಂದಾಯ ಏರಿಸಿತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಊರಲ್ಲಿ ರೈತರು ಎದ್ದರು. ಪುಣೆ, ಅಹಮದನಗರ ಜಿಲ್ಲೆಯ ಮೂವತ್ತಕ್ಕಿಂತ ಹೆಚ್ಚು ಹಳ್ಳಿಗಳಿಗೆ ಗಲಾಟೆ ಹಬ್ಬಿತು. ಅವರು ಎಲ್ಲಕ್ಕಿಂತ ಮೊದಲು ಕೈ ಹಾಕಿದ್ದು ಸಾವಕಾರನ ವಹಿಗೆ, ಸಾಲದ ಕಾಗದಕ್ಕ. ಅವನ್ನು ಸುಟ್ಟರು. ಮರುವರ್ಷವೇ ಬರಗಾಲ. ಸರಕಾರ ಗಾಬರಿ ಆಗಿ ಕಮಿಶನ್ ಕೂಡಿಸಿತು, 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯದೆ ಮಾಡಿತು. ಪುಣೆ, ಸಾತಾರಾ, ಅಹಮದನಗರ, ಸೋಲಾಪುರ, ಈ ನಾಲ್ಕು ಜಿಲ್ಲೆಗೆ. ಅಕ್ಕಲಕೋಟ, ಜತ್ತ ಆಗ ಬ್ಯಾರೆ ಸಂಸ್ಥಾನ. ಸೋಲಾಪುರ ತಾಲೂಕಿನ ನಮ್ಮ ಕನ್ನಡ ಹಳ್ಳಿಗಳು ಮಾತ್ರ ಇದರೊಳಗೆ ಬಂದವು.

ಈ ಕಾಯದೆಯನ್ನು ನಮ್ಮೂರ ಗುರುಗಳೊಬ್ಬರು ಮೂರು ಸಂಜೆ ಕೂತು ನನಗೆ ಓದಿ ಹೇಳಿದರು. ಕೇಳಿ ಬೆರಗಾತು. ಸಾಲಕ್ಕಾಗಿ ರೈತನನ್ನು ಜೇಲಿಗೆ ಹಾಕುವಂತಿಲ್ಲ. ಒತ್ತೆ ಇಡದ ಹೊಲ ಜಪ್ತಿ ಮಾಡಿ ಮಾರುವಂತಿಲ್ಲ. ಬೇಕಾದರ ಕಲೆಕ್ಟರ ಹೆಚ್ಚೆಂದರ ಏಳು ವರ್ಷ ಆ ಹೊಲ ತನ್ನ ಕೈಯಲ್ಲಿ ಇಟ್ಟುಕೊಂಡು ಉತ್ಪನ್ನದಿಂದ ಸಾಲ ತೀರಿಸಿ ತಿರುಗಿ ರೈತನಿಗೆ ಬಿಡಬೇಕು. ಜಜ್ಜರು ಕೊನೆಯ ಕಾಗದ ನೋಡಿದರ ಸಾಲದು, ಸಾಲ ಹುಟ್ಟಿದ ದಿನದಿಂದ ಲೆಕ್ಕ ಬಿಚ್ಚಬೇಕು. ಅಸಲು ಬ್ಯಾರೆ, ಬಡ್ಡಿ ಬ್ಯಾರೆ. ಬಡ್ಡಿಗೆ ಬಡ್ಡಿ ಇಲ್ಲ.

ಅದಕ್ಕೂ ಮೊದಲಿನ ಮೆಟ್ಟಿಲು ರಾಜಿ. ಸರಕಾರ ಊರುಗಳಿಗೆ ರಾಜಿ ಮಾಡಿಸುವವರನ್ನು ನೇಮಿಸಿತು, ಕಾಯದೆಯಲ್ಲಿ ಅವರಿಗೆ ಕನ್ಸಿಲಿಯೇಟರ ಅಂತ ಹೆಸರು. ಪೋಲೀಸರನ್ನು ಬಿಟ್ಟು ಯಾರನ್ನಾದರೂ ನೇಮಿಸಬಹುದಿತ್ತು. ರೈತನ ಮ್ಯಾಲೆ ದಾವಾ ಹೂಡುವ ಸಾವಕಾರ ಮೊದಲು ಅವರ ಮುಂದೆ ಬರಬೇಕು. ಅಲ್ಲಿ ವಕೀಲರಿಗೆ ಜಾಗ ಇಲ್ಲ. ರಾಜಿ ಆದರ ಬರೆದು ಕೋರ್ಟಿಗೆ ಕಳಿಸುವುದು, ಒಂದು ತಿಂಗಳಲ್ಲಿ ಯಾರದೂ ತಕರಾರು ನಿಲ್ಲದಿದ್ದರ ಅದಕ್ಕ ಡಿಕ್ರಿಯ ಬೆಲೆ. ಆಗದಿದ್ದರ ಒಂದು ಚೀಟಿ ಕೊಡುವುದು. ಆ ಚೀಟಿ ಇಲ್ಲದೆ ಕೋರ್ಟು ದಾವಾ ಮುಟ್ಟುವಂತಿಲ್ಲ. ಇವರ ಕೆಲಸ ತಪಾಸಣೆ ಮಾಡಲು ಸ್ಪೆಶಲ್ ಜಜ್ಜ ಅಂತ ಒಬ್ಬ ಅಧಿಕಾರಿ. ಮಹಾದೇವ ಗೋವಿಂದ ರಾನಡೆಯವರು 1893ರಲ್ಲಿ ಮುಂಬೈ ಹೈಕೋರ್ಟಿನ ಜಜ್ಜ ಆಗುವ ಮುಂಚೆ ಈ ಕೆಲಸದಲ್ಲೇ ಹಳ್ಳಿಹಳ್ಳಿ ತಿರುಗಿದವರು.

ಆದರ ತೂತು ಎಲ್ಲಿತ್ತು ಅಂದ್ರ, ಈ ರಾಜಿಯಲ್ಲೇ ಇತ್ತು. ಲೆಕ್ಕ ಮೊದಲಿನಿಂದ ಬಿಚ್ಚಬೇಕು ಅನ್ನುವ ನೇಮ ದಾವಾ ನಡೆದರ ಮಾತ್ರ. ರಾಜಿ ಆತು ಅಂದರ ಲೆಕ್ಕ ಬಿಚ್ಚುವವರೇ ಇಲ್ಲ. ಸಾವಕಾರರು ಇದನ್ನು ಲಗೂನ ತಿಳಕೊಂಡರು. "ಒಪ್ಪಿದೆ ಅನ್ನಪಾ, ಬಿತ್ತಲಿಕ್ಕೆ ಬೀಜ ಕೊಡತೀನಿ" ಅಂದರ ರೈತ ತಲಿ ಹಾಕತಿದ್ದ. ಬಡ್ಡಿಗೆ ಬಡ್ಡಿ ಸೇರಿದ ರಕಮು ಹಂಗೇ ಡಿಕ್ರಿ ಆಗತಿತ್ತು. ಈ ದೂರು ಆವಾಗಲೇ ಎದ್ದಿತ್ತು. 1891-92ರಲ್ಲಿ ಸರಕಾರ ಇನ್ನೊಂದು ಕಮಿಶನ್ ಕೂಡಿಸಿ ಕಾಯದೆ ಹೆಂಗ ನಡದದ ಅಂತ ವಿಚಾರಿಸಿತು. ಅತ್ತ ಸಾವಕಾರರು ಒತ್ತೆಯ ಬದಲು ನೇರ ಖರೇದಿ ಖತ ಬರೆಸತೊಡಗಿದ್ದರು. ಆಗ ಸರಕಾರ, ಕಾಗದದಲ್ಲಿ ಖರೇದಿ ಅಂತ ಇದ್ದರೂ ಅದು ಒಳಗೆ ಒತ್ತೆಯೇ ಅಂತ ಬಾಯಿಮಾತಿನ ಸಾಕ್ಷಿಯಿಂದ ತೋರಿಸಬಹುದು ಅಂತ ಒಂದು ಕಲಮು ಸೇರಿಸಬೇಕಾತು. ಕಾಯದೆ ಮುಂದೆ, ಅದರ ಹಿಂದೆ ಕಳ್ಳದಾರಿ.

ನಾನು ಹರದೇಶಿ-ನಾಗೇಶಿ ಹಾಡುವವ. ರಾತ್ರಿ ಪೂರಾ ಎದುರು ಮೇಳಕ್ಕ ಸವಾಲು ಹಾಕತೀವಿ, ಬೈಯತೀವಿ, ಬೆಳಗಾದ ಮ್ಯಾಲೆ ಮಂಗಳ ಹಾಡಿ ಎಲ್ಲಾರೂ ಕೂಡಿ ಚಹಾ ಕುಡಿಯತೀವಿ. ಅದು ಯಾಕ ಆಗತದ ಅಂದ್ರ ಎರಡೂ ಮೇಳದ ಕೈಯಲ್ಲಿ ಡಪ್ಪು ಅದ, ಎರಡಕ್ಕೂ ಹಾಡುವ ಪಾಳಿ ಅದ. ಸಾವಕಾರನ ಕೈಯಲ್ಲಿ ವಹಿ, ರೈತನ ಹತ್ತಿರ ಬರೇ ಹೆಬ್ಬೆಟ್ಟು ಇದ್ದಾಗ ನಡುವಿನವನು ಎಷ್ಟೇ ಸಂಭಾವಿತ ಇದ್ದರೂ ಆ ರಾಜಿ ಒಂದೇ ಕಡೆ ವಾಲತದ.

1939ರಲ್ಲಿ ಮುಂಬೈ ಸರಕಾರ ಸಾಲ ಹೊಂದಾಣಿಕೆ ಮಂಡಳಿಗಳ ಕಾಯದೆ ತಂದಿತು, 1947ರಲ್ಲಿ ಅದನ್ನೂ ಬದಲಿಸಿ ಕೆಲಸ ಕೋರ್ಟಿಗೆ ಕೊಟ್ಟಿತು. ರಾಜಿಯ ಮಾತು ಮಾತ್ರ ಸಾಯಲಿಲ್ಲ. 2007ರ ಆಗಸ್ಟ್ 15ರಿಂದ ಮಹಾರಾಷ್ಟ್ರದಲ್ಲಿ ತಂಟಾಮುಕ್ತ ಗಾವ ಮೋಹಿಮೆ ಸುರು ಆತು, ಆವಾಗಿನ ಗೃಹಮಂತ್ರಿ ಆರ್. ಆರ್. ಪಾಟೀಲರು ನಮ್ಮ ಜತ್ತ ಇರುವ ಸಾಂಗ್ಲಿ ಜಿಲ್ಲೆಯವರೇ. ಊರಿಗೊಂದು ಸಮಿತಿ, ತಂಟೆ ತೀರಿಸಿದ ಊರಿಗೆ ಬಹುಮಾನ. ಬೋರ್ಡು ಇನ್ನೂ ಎಷ್ಟೋ ಊರ ಅಗಸಿಯಲ್ಲಿ ಅದ.

ಈಗ ನಮ್ಮ ಮನೆಗೆ ಬರುವುದು ಲೋಕ ಅದಾಲತಿನ ನೋಟೀಸು. 1987ರ ಕಾಯದೆಯಂತೆ ನಡೆಯುವ ಅದಾಲತು. ಬ್ಯಾಂಕಿನ ಸಾಲ, ಕರೆಂಟ್ ಬಿಲ್ಲು, ಗ್ರಾಮಪಂಚಾಯಿತಿಯ ಘರಪಟ್ಟಿ, ಪಾಣಿಪಟ್ಟಿ, ಎಲ್ಲದರ ಬಾಕಿಯೂ ಅಲ್ಲಿ ರಾಜಿಗೆ ಬರತದ. ಸಾವಕಾರ ಕೂಡುವ ಜಾಗದಲ್ಲಿ ಈಗ ಸರಕಾರವೇ ಕೂತದ. ಒಳ್ಳೆಯದೇನೆಂದರ ಖರ್ಚಿಲ್ಲ, ಕೋರ್ಟಿನಲ್ಲಿದ್ದ ದಾವಾ ಅಲ್ಲಿ ಮುಗಿದರ ಕಟ್ಟಿದ ಫೀ ವಾಪಸ್ ಬರತದ. ತಿಳಕೊಳ್ಳಬೇಕಾದ್ದು ಏನಂದ್ರ, ಅಲ್ಲಿ ಸಹಿ ಮಾಡಿದ್ದಕ್ಕ ಡಿಕ್ರಿಯ ಬೆಲೆ, ಅದರ ಮ್ಯಾಲೆ ಅಪೀಲು ಇಲ್ಲ. 1879ರ ರಾಜಿಗೆ ತಕರಾರು ಮಾಡಲು ಒಂದು ತಿಂಗಳಾದರೂ ಇತ್ತು. ಹಂಗಂತ ಸಹಿ ಮಾಡಲೇಬೇಕು ಅಂತ ಇಲ್ಲ. ಒಪ್ಪಿಗೆ ಆಗದಿದ್ದರ ಕೋರ್ಟಿನಿಂದ ಬಂದ ದಾವಾ ತಿರುಗಿ ಕೋರ್ಟಿಗೇ ಹೋಗತದ.

ನೋಟೀಸು ಮರಾಠಿಯಲ್ಲಿ ಇರತದ. ನಮ್ಮ ಹುಡುಗರಿಗೆ ಓದಲು ಬರತದ, ಮುದುಕರಿಗೆ ಬರುವುದಿಲ್ಲ. ನಮ್ಮ ಓಣಿಯ ಒಬ್ಬ ಅಕ್ಕಾವ್ರಿಗೆ ಹಿಂದಿನ ವರ್ಷ ಘರಪಟ್ಟಿಯ ನೋಟೀಸು ಬಂತು. ರಕಮು ನೋಡಿ ಬೆವರಿದರು. ಅವರ ಕೂಡ ನಾನೂ ತಾಲೂಕಿಗೆ ಹೋದೆ. ಪಂಚಾಯಿತಿಯವರಿಗೆ ವರ್ಷ ವರ್ಷದ ಪಟ್ಟಿ ಬ್ಯಾರೆ, ದಂಡ ಬ್ಯಾರೆ ಮಾಡಿ ತೋರಿಸ್ರಿ ಅಂತ ಕೇಳಿದಿವಿ. ಮೊದಲು ಸಿಟ್ಟಾದರು, ಆಮ್ಯಾಲೆ ವಹಿ ತೆಗೆದರು. ಒಂದು ವರ್ಷದ ಪಟ್ಟಿ ಎರಡು ಸಲ ಹಿಡಿದಿದ್ದರು. ಅದನ್ನು ಕಳೆದು, ಉಳಿದದ್ದಕ್ಕ ನಾಲ್ಕು ಕಂತು ಮಾಡಿ, ಬರೆದದ್ದನ್ನು ಅಕ್ಕಾವ್ರಿಗೆ ಕನ್ನಡದಾಗ ಹೇಳಿದ ಮ್ಯಾಲೆ ಸಹಿ ಆತು. ಎರಡು ಕಂತು ತುಂಬಿದಾರ, ಮೂರನೆಯದು ತೊಗರಿ ಬಂದ ಮ್ಯಾಲೆ.