ಹಾರ್ಟ್‌ವೆಲ್ ಜಲಾಶಯದ ಹೂಳು ಮತ್ತು ಮೀನು: ನೈಸರ್ಗಿಕ ಚೇತರಿಕೆಯನ್ನು ಅಳೆಯುವ ಬಗೆ

ನದಿ, ಜಲಾಶಯಗಳ ತಳದ ಹೂಳಿಗೆ ವಿಷವಸ್ತು ಸೇರಿದಾಗ ಮುಖ್ಯವಾಗಿ ಮೂರು ದಾರಿಗಳಿವೆ: ಹೂಳೆತ್ತುವುದು, ಅದರ ಮೇಲೆ ಮರಳಿನ ಹೊದಿಕೆ ಹಾಕುವುದು, ಇಲ್ಲವೇ ನಿಸರ್ಗಕ್ಕೆ ಬಿಟ್ಟು ನಿಗಾ ಇಡುವುದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 2005ರ ಮಾರ್ಗಸೂಚಿ ಮೂರನೆಯದನ್ನೂ ಉಳಿದೆರಡರ ಸಾಲಿನಲ್ಲೇ ಇಡುತ್ತದೆ. ಅದಕ್ಕೆ ಕಾರಣವೂ ಇದೆ. ಹೂಳೆತ್ತುವಾಗ ತಳ ಕದಡಿ ವಿಷ ಮತ್ತೆ ನೀರಿಗೆ ಬರುತ್ತದೆ, ಎತ್ತಿದ ಮೇಲೂ ಒಂದಷ್ಟು ತಳದಲ್ಲೇ ಉಳಿಯುತ್ತದೆ. ಆದರೆ ನಿಸರ್ಗಕ್ಕೆ ಬಿಟ್ಟ ಕಡೆ ಹೂಳಿನ ಮೇಲ್ಪದರ ಶುದ್ಧವಾದ ಮಾತ್ರಕ್ಕೆ ಚೇತರಿಕೆ ಆಯಿತೆನ್ನಲಾಗದು. ಆ ನೀರಿನ ಮೀನು ತಿನ್ನಲು ಯೋಗ್ಯವಾಯಿತೇ ಎಂಬುದೇ ಕೊನೆಯ ಅಳತೆಗೋಲಾಗಬೇಕು ಎಂಬುದು ಈ ಲೇಖನದ ವಾದ.

ನೈಸರ್ಗಿಕ ಚೇತರಿಕೆ ಎಂಬ ಒಂದೇ ಹೆಸರಿನಡಿ ಹಲವು ಪ್ರಕ್ರಿಯೆಗಳಿವೆ. ಸೂಕ್ಷ್ಮಜೀವಿಗಳು ವಿಷವನ್ನು ಒಡೆಯಬಹುದು; ವಿಷ ಹೂಳಿನ ಕಣಗಳಿಗೆ ಬಿಗಿಯಾಗಿ ಅಂಟಿಕೊಂಡು ಜೀವಿಗಳ ದೇಹಕ್ಕೆ ಸೇರದಂತಾಗಬಹುದು; ಹೊಸ ಹೂಳು ಹಳೆಯದನ್ನು ಮುಚ್ಚಬಹುದು; ಪ್ರವಾಹ ಅದನ್ನು ಕೆಳಕ್ಕೆ ಕೊಚ್ಚಿಕೊಂಡು ಹೋಗಬಹುದು. ಕೊನೆಯದನ್ನು ಚೇತರಿಕೆ ಎನ್ನಲು ನನಗೆ ಮನಸ್ಸಿಲ್ಲ. ಒಂದೂರಿನ ವಿಷ ಇನ್ನೊಂದೂರಿನ ಪಾಲಾಗುತ್ತದೆ, ಅಷ್ಟೇ. ವರ್ಜೀನಿಯಾದ ಜೇಮ್ಸ್ ನದಿಯಲ್ಲಿ ಕೆಲಸ ಮಾಡಿದ್ದು ಮುಖ್ಯವಾಗಿ ಹೂಳಿನ ಮುಚ್ಚಿಗೆ. ಹೋಪ್‌ವೆಲ್ ಪಟ್ಟಣದಲ್ಲಿ ತಯಾರಾಗುತ್ತಿದ್ದ ಕೆಪೋನ್ ಎಂಬ ಕೀಟನಾಶಕ ನದಿ ಸೇರಿದ್ದು 1975ರಲ್ಲಿ ಬಯಲಾಗಿ ಮೀನುಗಾರಿಕೆ ನಿಂತಿತು. ಹೂಳೆತ್ತುವ ವೆಚ್ಚ ಅಪಾರವೆಂದು ನದಿಯನ್ನು ಹಾಗೆಯೇ ಬಿಡಲಾಯಿತು. ಮೀನಿನಲ್ಲಿ ಕೆಪೋನ್ ಇಳಿದು 1988ರಲ್ಲಿ ನಿಷೇಧ ತೆರವಾಯಿತು. ಆದರೆ ಕೆಪೋನ್ ಸುಲಭವಾಗಿ ಒಡೆಯುವ ವಸ್ತುವಲ್ಲ. ಅದು ಹೂತುಹೋಗಿದೆ, ಅಳಿದಿಲ್ಲ.

ಹಾರ್ಟ್‌ವೆಲ್ ಜಲಾಶಯದ ಕಥೆ ಇದಕ್ಕಿಂತ ಜಟಿಲ. ದಕ್ಷಿಣ ಕೆರೊಲಿನಾದ ಪಿಕನ್ಸ್‌ನಲ್ಲಿದ್ದ ಸಂಗಾಮೊ–ವೆಸ್ಟನ್ ಕೆಪಾಸಿಟರ್ ಕಾರ್ಖಾನೆ 1955ರಿಂದ 1977ರವರೆಗೆ ಪಿಸಿಬಿ (ಪಾಲಿಕ್ಲೋರಿನೇಟೆಡ್ ಬೈಫಿನೈಲ್) ಎಂಬ ವಿಷಕಾರಿ ರಾಸಾಯನಿಕವನ್ನು ಬಳಸಿತು. ಸುಮಾರು 4 ಲಕ್ಷ ಪೌಂಡ್‌ನಷ್ಟು ಪಿಸಿಬಿ ಹಳ್ಳದ ಮೂಲಕ ಟ್ವೆಲ್ವ್‌ಮೈಲ್ ಕ್ರೀಕ್‌ಗೂ ಅಲ್ಲಿಂದ ಜಲಾಶಯಕ್ಕೂ ಹರಿಯಿತೆಂದು ಅಂದಾಜು. 1994ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಇಲ್ಲಿ ನೈಸರ್ಗಿಕ ಚೇತರಿಕೆಯನ್ನೇ ಆಯ್ದುಕೊಂಡಿತು. ಹೂಳಿಗೆ ಇಟ್ಟ ಗುರಿ ಕಿಲೋಗೆ 1 ಮಿಲಿಗ್ರಾಂ. ಮೀನಿಗೆ ಅನ್ವಯಿಸಿದ್ದು ಆಹಾರ ಮತ್ತು ಔಷಧ ಆಡಳಿತದ ಮಿತಿಯಾದ 2 ಮಿಲಿಗ್ರಾಂ.

ಆಮೇಲೆ ಸಂಶೋಧಕರು ಜಲಾಶಯದ ತಳಕ್ಕೆ ಕೊಳವೆ ಇಳಿಸಿ ಹೂಳಿನ ಕಂಬಗಳನ್ನು ತೆಗೆದು ಪದರ ಪದರವಾಗಿ ಪರೀಕ್ಷಿಸಿದರು. ಪದರದ ವಯಸ್ಸನ್ನು ಹೇಳಿದ್ದು ಸುಮಾರು 22 ವರ್ಷ ಅರ್ಧಾಯುಷ್ಯದ ಸೀಸ-210 ಮತ್ತು ಅಣ್ವಸ್ತ್ರ ಪರೀಕ್ಷೆಗಳಿಂದ ಉದುರಿ 1963ರ ಸುಮಾರಿಗೆ ಶಿಖರ ಮುಟ್ಟಿದ ಸೀಸಿಯಂ-137. ಪಿಸಿಬಿಯ ಹೆಚ್ಚಿನ ಪ್ರಮಾಣ ಮೇಲ್ಪದರದ ಅಡಿಯಲ್ಲಿ ಸಿಕ್ಕಿತು. ಮೇಲೇರಿದಂತೆ ಅದು ಇಳಿಯುತ್ತಿತ್ತು. ಆಮ್ಲಜನಕವಿಲ್ಲದ ಆಳದಲ್ಲಿ ಬ್ಯಾಕ್ಟೀರಿಯಾಗಳು ಪಿಸಿಬಿ ಅಣುವಿನಿಂದ ಕ್ಲೋರಿನ್ ಕಳಚುತ್ತಿದ್ದುದೂ ಕಂಡಿತು. ಆದರೆ ಅಣುವಿನ ಕೆಲವು ಸ್ಥಾನಗಳ ಕ್ಲೋರಿನ್ ಅವಕ್ಕೆ ಸುಲಭಕ್ಕೆ ಜಗ್ಗದು. ಹಾಗಾಗಿ ಕ್ಲೋರಿನ್ ಕಡಿಮೆಯಾಗುತ್ತದೆ, ಅಣುಗಳ ಸಂಖ್ಯೆ ಅಷ್ಟಾಗಿ ಕುಗ್ಗುವುದಿಲ್ಲ. ಇದನ್ನು ನಾಶವೆಂದು ಲೆಕ್ಕಕ್ಕೆ ಹಿಡಿಯುವುದು ತಪ್ಪು.

ಹೂಳಿನ ಲೆಕ್ಕ ಇಷ್ಟು ಆಶಾದಾಯಕವಾಗಿದ್ದರೂ ಮೀನು ಅದೇ ವೇಗದಲ್ಲಿ ಚೇತರಿಸಲಿಲ್ಲ. ಏಕೆ? ತಳದ ಹುಳುಗಳು ಹೂಳನ್ನು ಮೇಲೆ ಕೆಳಗೆ ಕಲಸುತ್ತವೆ. ಆ ಹುಳುಗಳನ್ನು ಚಿಕ್ಕ ಮೀನುಗಳೂ ಚಿಕ್ಕ ಮೀನುಗಳನ್ನು ದೊಡ್ಡವೂ ತಿನ್ನುವಾಗ ಕೊಬ್ಬಿನಲ್ಲಿ ಕರಗುವ ಪಿಸಿಬಿ ಮೆಟ್ಟಿಲು ಮೆಟ್ಟಿಲಾಗಿ ಸಾಂದ್ರವಾಗುತ್ತದೆ. ಮೇಲಿನಿಂದ ಬರಬೇಕಾದ ಶುದ್ಧ ಹೂಳಿಗೂ ಅಡ್ಡಿಯಿತ್ತು. ಕ್ರೀಕ್‌ನಲ್ಲಿದ್ದ ಸಣ್ಣ ಅಣೆಕಟ್ಟುಗಳು ಅದನ್ನು ತಡೆದು ನಿಲ್ಲಿಸಿದ್ದವು. 2006ರ ಒಪ್ಪಂದದಂತೆ ಅವುಗಳಲ್ಲಿ ಎರಡನ್ನು 2011ರ ಹೊತ್ತಿಗೆ ತೆಗೆಯಲಾಯಿತು. ನಿಸರ್ಗಕ್ಕೆ ಬಿಟ್ಟೆವೆಂದವರೇ ನಿಸರ್ಗದ ದಾರಿ ತೆರೆಯಲು ಹೀಗೆ ಕೈಹಾಕಬೇಕಾಯಿತು. ಇದನ್ನು ಸೋಲೆನ್ನಲಾರೆ, ಹೂಳು ಎಲ್ಲಿಂದ, ಎಷ್ಟು ಬರುತ್ತದೆಂಬ ಲೆಕ್ಕವನ್ನು 1994ರಲ್ಲೇ ಕಟ್ಟುನಿಟ್ಟಾಗಿ ಕೇಳಬೇಕಿತ್ತು ಎನ್ನುತ್ತೇನೆ.

ಮೂಲ ನಿಲ್ಲದಿದ್ದರೆ ಇಡೀ ಲೆಕ್ಕವೇ ಕುಸಿಯುತ್ತದೆ ಎಂಬುದಕ್ಕೆ ನ್ಯೂಯಾರ್ಕ್‌ನ ಹಡ್ಸನ್ ನದಿ ಸಾಕ್ಷಿ. ಜನರಲ್ ಎಲೆಕ್ಟ್ರಿಕ್‌ನ ಎರಡು ಕಾರ್ಖಾನೆಗಳ ಪಿಸಿಬಿ ಇದ್ದ ಅಲ್ಲಿನ ಹೂಳನ್ನು ಮುಟ್ಟುವುದು ಬೇಡವೆಂದು 1984ರಲ್ಲಿ ತೀರ್ಮಾನವಾಯಿತು. 1991ರಲ್ಲಿ ಹಡ್ಸನ್ ಫಾಲ್ಸ್‌ನ ಹಳೆಯ ಗಿರಣಿಯೊಂದರ ಮರದ ಬಾಗಿಲು ಕುಸಿದು ಪಿಸಿಬಿ ಮತ್ತೆ ನದಿಗೆ ನುಗ್ಗಿತು. ಕೊನೆಗೆ 2002ರಲ್ಲಿ ತೀರ್ಮಾನ ಬದಲಾಗಿ 2009ರಿಂದ 2015ರ ನಡುವೆ ಮೇಲ್ಭಾಗದ ಹೂಳನ್ನು ಎತ್ತಲಾಯಿತು.

ಆದ್ದರಿಂದ ನೈಸರ್ಗಿಕ ಚೇತರಿಕೆಯನ್ನು ಆಯ್ದುಕೊಳ್ಳುವ ಯಾವುದೇ ಆದೇಶದಲ್ಲಿ, ಇಷ್ಟು ವರ್ಷದೊಳಗೆ ಮೀನಿನಲ್ಲಿ ವಿಷ ಇಷ್ಟಕ್ಕೆ ಇಳಿಯದಿದ್ದರೆ ಹೂಳೆತ್ತುತ್ತೇವೆ ಅಥವಾ ಹೊದಿಕೆ ಹಾಕುತ್ತೇವೆ ಎಂಬ ಷರತ್ತು ಮೊದಲೇ ಬರೆದಿರಬೇಕು. ಅದಿಲ್ಲದ ಆದೇಶವನ್ನು ಶುದ್ಧೀಕರಣ ಯೋಜನೆಯೆಂದು ಒಪ್ಪಲಾಗದು. ಪಿಸಿಬಿ ಬಳಕೆ ನಿಂತು ನಾಲ್ಕು ದಶಕ ಕಳೆದ ಮೇಲೂ ಹಾರ್ಟ್‌ವೆಲ್‌ನ ಮೀನು ತಿನ್ನುವ ಕುರಿತ ಎಚ್ಚರಿಕೆ ಜಾರಿಯಲ್ಲೇ ಇತ್ತು.